ಗೆರಟೆ ಮಸಿಯಲ್ಲಿ ತಾಮ್ರ ಹಿಡಿಯುವುದು ಹೇಗೆ?

ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಮೈಲುತುತ್ತು ಎಂಬ ನೀಲಿ ಹರಳು ಇದ್ದೇ ಇರುತ್ತದೆ. ಅದರಲ್ಲಿರುವುದು ತಾಮ್ರ. ಸೀಸ, ಕ್ಯಾಡ್ಮಿಯಂ ಇದ್ದ ಹಾಗೆ ಅದೂ ಒಂದು ಭಾರಲೋಹ. ನೀರಲ್ಲಿ ಕರಗಿದ ಲೋಹ ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ಯಾವುದಾದರೂ ಮೇಲ್ಮೈಗೆ ಅಂಟಿಸಿ ಹಿಡಿಯುವುದು ಒಂದು ದಾರಿ. ಇದಕ್ಕೆ ಅಡ್ಸಾರ್ಪ್ಷನ್ ಅನ್ನುತ್ತಾರೆ. ಇಲ್ಲಿ ಆ ಮೇಲ್ಮೈ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ ಮಸಿ. ವಿಜ್ಞಾನ ಮೇಳಕ್ಕೆ ಮಾಡಿ ತೋರಿಸಲು ಒಳ್ಳೆಯ ಪ್ರಯೋಗ, ದೊಡ್ಡವರು ಜೊತೆಗಿರಲಿ.

ಮೊದಲು ಮಸಿ, ಅಂದರೆ ಇದ್ದಿಲು. ಒಣ ಗೆರಟೆಯ ಜುಂಗು ಕೆರೆದು, ಚೂರು ಮಾಡಿ ತಗಡಿನ ಡಬ್ಬಿಗೆ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯಲೇಬೇಕು. ಅಂಗಳದಲ್ಲಿ ಬೆಂಕಿಗಿಡಿ. ತೂತಿನಿಂದ ಹೊಗೆ ನಿಂತ ಮೇಲೆ ಇಳಿಸಿ, ಪೂರ್ತಿ ತಣಿಯುವ ತನಕ ಮುಚ್ಚಳ ತೆಗೆಯಬೇಡಿ. ಗಾಳಿ ತಾಗಿದರೆ ಬೂದಿಯೇ ಗತಿ. ಆಮೇಲೆ ಉಪ್ಪಿಟ್ಟಿನ ರವೆಯಷ್ಟು ದಪ್ಪಕ್ಕೆ ಕುಟ್ಟಿ.

ಇನ್ನು ತೊಳೆಯುವುದು. ಮೊದಲ ಸಲ ನಾನು ಇಲ್ಲೇ ಮೋಸ ಹೋದೆ. ತೊಳೆಯದ ಮಸಿ ಹಾಕಿದ ಕೂಡಲೇ ನೀಲಿ ಮಾಯ! ಖುಷಿಯೋ ಖುಷಿ. ನೋಡಿದರೆ ಅದು ಮಸಿಯ ಕೆಲಸವೇ ಅಲ್ಲ. ಬೂದಿಯ ಕ್ಷಾರಕ್ಕೆ ತಾಮ್ರ ನೀಲಿ ಗಸಿಯಾಗಿ ತಳಕ್ಕೆ ಕೂತಿತ್ತು. ಮೈಲುತುತ್ತು, ಸುಣ್ಣ ಸೇರಿಸಿ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಮಾಡುವುದೂ ಇದನ್ನೇ ಅಲ್ವಾ? ಹಾಗಾಗಿ ಮಸಿಯನ್ನು ಲಿಂಬೆರಸದ ನೀರಲ್ಲಿ ಒಂದು ರಾತ್ರಿ ನೆನೆಹಾಕಿ. ಮರುದಿನ ಹುಳಿ ಹೋಗುವಷ್ಟು ಸಲ ಬರೀ ನೀರಲ್ಲಿ ತೊಳೆಯಿರಿ. ಹುಳಿ ಉಳಿದರೂ ತಾಮ್ರ ಸರಿಯಾಗಿ ಅಂಟುವುದಿಲ್ಲ. ತೊಳೆದ ನೀರಿಗೆ ಅರಿಶಿನ ಹಚ್ಚಿದ ಕಾಗದ ಅದ್ದಿ ನೋಡಿ. ಕೆಂಪಾದರೆ ಕ್ಷಾರ ಇನ್ನೂ ಇದೆ.

ಅರ್ಧ ಲೀಟರ್ ನೀರಿಗೆ ಅರ್ಧ ಗ್ರಾಂ ಮೈಲುತುತ್ತು ಕರಗಿಸಿ. ಕೈಗವಸು ಹಾಕಿ, ಅಡುಗೆ ಪಾತ್ರೆ ಮುಟ್ಟಬೇಡಿ. ಒಂದು ಲೋಟದಷ್ಟನ್ನು ಬೇರೆ ಎತ್ತಿಡಿ. ಉಳಿದದ್ದಕ್ಕೆ ಎರಡು ಹಿಡಿ ಮಸಿ ಹಾಕಿ, ಆಗಾಗ ಕಲಕುತ್ತಾ ಒಂದು ದಿನ ಬಿಟ್ಟು ಸೋಸಿ. ಬಣ್ಣ ತುಂಬಾ ತೆಳು, ಕಣ್ಣನ್ನು ನಂಬಬೇಡಿ. ಎರಡೂ ನೀರಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಒಂದೊಂದನ್ನು ಮುಳುಗಿಸಿ. ಎತ್ತಿಟ್ಟ ನೀರಿನ ಮೊಳೆಗೆ ಬೇಗ ತಾಮ್ರದ ಕೆಂಪು ಹತ್ತುತ್ತದೆ. ಸೋಸಿದ್ದರಲ್ಲಿ ನಿಧಾನ, ಕಡಿಮೆ.

ಕಡಿಮೆ ಅಷ್ಟೇ, ಸೊನ್ನೆ ಅಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನಮ್ಮ ಮಸಿ ಅಲ್ಲಿಗೆ ಮುಟ್ಟುವುದಿಲ್ಲ. ಫಲ್ಗುಣಿ, ನೇತ್ರಾವತಿ ಕಡಲು ಸೇರುವ ಕಡೆಯ ಉಪ್ಪುನೀರಲ್ಲಂತೂ ಇನ್ನೂ ಕಷ್ಟ. ಅಂಟಲು ಜಾಗ ಸಿಗದಂತೆ ಬೇರೆ ಲವಣಗಳೂ ನುಗ್ಗುತ್ತವೆ.

ಬಳಸಿದ ಮಸಿಯಲ್ಲಿ ಈಗ ತಾಮ್ರವಿದೆ. ತೆಂಗಿನ ಬುಡಕ್ಕೂ ಬೇಡ, ತೋಡಿಗೂ ಬೇಡ, ಮೀನಿಗೆ ಅದು ವಿಷ. ಉಳಿದ ನೀರಿನ ಜೊತೆ ಡಬ್ಬಿಯಲ್ಲಿ ಮುಚ್ಚಿ ಶಾಲೆಯ ಪ್ರಯೋಗಾಲಯಕ್ಕೆ ಕೊಡಿ.