ಶೆವ್ರಾನ್ ಚಿಟ್ಟೆಮೀನು ನೋಡಬೇಕಾ? ಮೊದಲು ಅದರ ಮೇಜು ಹುಡುಕಿ

ಮೊದಮೊದಲು ನಾನು ಈ ಮೀನಿನ ಹಿಂದೆ ಈಜಿ ಈಜಿ ಸುಸ್ತಾಗುತ್ತಿದ್ದೆ. ನಾನು ಬೆನ್ನಟ್ಟಿದಷ್ಟೂ ಅದು ಹವಳದ ಸಂದಿಗೆ ನುಗ್ಗುತ್ತಿತ್ತು. ಕಾಣುತ್ತಿದ್ದದ್ದು ಬಾಲ ಮಾತ್ರ. ಈಗ ಮೀನನ್ನು ಹುಡುಕುವುದೇ ಇಲ್ಲ. ಅದರ ಊಟದ ಮೇಜನ್ನು, ಅಂದರೆ ಅದು ತಿನ್ನುವ ಹವಳವನ್ನು ಹುಡುಕುತ್ತೇನೆ.

ಅಕ್ರೊಪೊರಾ ಹವಳಗಳಲ್ಲಿ ಕೆಲವು ಮೇಜಿನ ಹಾಗೆ ಅಗಲವಾಗಿ, ಚಪ್ಪಟೆಯಾಗಿ ಬೆಳೆಯುತ್ತವೆ. ಅದರಲ್ಲೂ ಅಕ್ರೊಪೊರಾ ಹಯಸಿಂಥಸ್ ಅಂದರೆ ಈ ಮೀನಿಗೆ ಪ್ರಾಣ. ಕೆಂಪು ಸಮುದ್ರದಿಂದ ಪೆಸಿಫಿಕ್ ನಡುವಿನ ದ್ವೀಪಗಳವರೆಗೂ ಈ ಮೀನು ಹರಡಿದೆ, ನಿಜ. ಆದರೆ ಮೇಜು ಹವಳ ಇಲ್ಲದ ಕಡೆ ಹುಡುಕುವುದು ಸುಮ್ನೆ ದಂಡ.

ಆಳ ಕಡಿಮೆ ಇರುವ, ಬಿಸಿಲು ಬೀಳುವ ಜಾಗದಲ್ಲಿ ಒಂದು ಒಳ್ಳೆಯ ಮೇಜು ಆರಿಸಿ. ಮೂರ್ನಾಲ್ಕು ಮೀಟರ್ ದೂರದಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡು ತೇಲಿ. ಕಾಲು ಬಡಿಯಬೇಡಿ. ಹವಳದ ಮೇಲೆ ನಿಲ್ಲುವ ಮಾತಂತೂ ಬೇಡವೇ ಬೇಡ. ಹತ್ತು ನಿಮಿಷ ಕಾದರೆ ಸಾಕು, ಮೀನು ತಾನಾಗಿ ಹೊರಗೆ ಬರುತ್ತದೆ. ಅದಕ್ಕೆ ತನ್ನದೇ ಸಣ್ಣ ಗಡಿ ಇದೆ, ಅದನ್ನು ಬಿಟ್ಟು ದೂರ ಹೋಗುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಬೇರೆ ಚಿಟ್ಟೆಮೀನುಗಳು ತಟ್ಟೆಯಂತೆ ದುಂಡಗೆ, ಇದು ಸ್ವಲ್ಪ ಉದ್ದ. ಬಿಳಿ ಮೈಮೇಲೆ ಬಾಣದ ಮೊನೆಯಂಥ ತೆಳು ಗೆರೆಗಳ ಸಾಲು. ಕಣ್ಣಿನ ಮೇಲೆ ಕಪ್ಪು ಪಟ್ಟಿ. ದೊಡ್ಡದರ ಬಾಲ ಕಪ್ಪು, ಮರಿಯ ಬಾಲ ಹಳದಿ. ಮರಿಗೆ ಹಿಂಭಾಗದಲ್ಲಿ ಅಗಲವಾದ ಕಪ್ಪು ಪಟ್ಟಿಯೂ ಇರುತ್ತದೆ. ಮರಿಗಳು ಕೊಂಬೆಗಳ ನಡುವೆಯೇ ಅಡಗಿರುತ್ತವೆ, ಅಲ್ಲಿ ಜಾಸ್ತಿ ಹೊತ್ತು ಕಣ್ಣು ನೆಡಿ.

ನನಗೆ ಎಲ್ಲಕ್ಕಿಂತ ಇಷ್ಟ ಅದು ತಿನ್ನುವುದನ್ನು ನೋಡುವುದು. ಗಿಳಿಮೀನು ಹವಳದ ಬಂಡೆಯನ್ನು ಕೆರೆದು ಗಾಯ ಬಿಡುತ್ತದೆ. ಇದು ಹಾಗಲ್ಲ. ಚೂಪು ಬಾಯಿಂದ ಒಂದೊಂದೇ ಪಾಲಿಪ್ಪನ್ನು (ಹವಳ ಕಟ್ಟುವ ಪುಟ್ಟ ಜೀವಿ) ಕುಕ್ಕಿ, ಮುಂದಕ್ಕೆ ಸರಿಯುತ್ತದೆ. ಮಧ್ಯೆ ಇನ್ನೊಂದು ಚಿಟ್ಟೆಮೀನು ಬಂದರೆ ಊಟ ಬಿಟ್ಟು ಓಡಿಸಿಕೊಂಡು ಹೋಗುತ್ತದೆ. ಅದು ಯಾವ ಅಂಚಿನಲ್ಲಿ ತಿರುಗಿತು ಅಂತ ನೋಡಿಟ್ಟುಕೊಳ್ಳಿ. ಎರಡು ಮೂರು ಸಲ ನೋಡಿದರೆ ಅದರ ಗಡಿ ನಿಮಗೇ ಗೊತ್ತಾಗುತ್ತದೆ.

ಇದನ್ನು ಮನೆಯ ಅಕ್ವೇರಿಯಂಗೆ ದಯವಿಟ್ಟು ತರಬೇಡಿ. ಜೀವಂತ ಹವಳ ಬಿಟ್ಟು ಬೇರೇನನ್ನೂ ಸರಿಯಾಗಿ ತಿನ್ನದೆ ಉಪವಾಸ ಬಿದ್ದು ಸಾಯುತ್ತದೆ.

ಹೊರಡುವ ಮುಂಚೆ ಮೇಜಿನ ಬಣ್ಣವನ್ನೂ ಬರೆದುಕೊಳ್ಳಿ. ನೀರು ಬಿಸಿಯಾದಾಗ ಬೇಗ ಬಿಳಿಚಿಕೊಳ್ಳುವ ಹವಳಗಳಲ್ಲಿ ಇದೂ ಒಂದು. ಒಮ್ಮೆ ನಾನು ವರ್ಷ ಬಿಟ್ಟು ಹೋದಾಗ, ನನಗೆ ಗೊತ್ತಿದ್ದ ಮೇಜಿನ ಮೇಲೆಲ್ಲ ಪಾಚಿ ಕಟ್ಟಿತ್ತು. ಅರ್ಧ ಗಂಟೆ ತೇಲಿದೆ. ಮೀನು ಬರಲಿಲ್ಲ.