ರಿವಾಲ್ವರಿಗೂ ರೈಫಲಿಗೂ ಒಂದೇ ತೋಟಾ

ಟೆಕ್ಸಾಸ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಮರುತುಂಬುವುದು .45 ಕೋಲ್ಟ್ ತೋಟಾಗಳನ್ನು ಮಾತ್ರ. 1873ರ ಕೋಲ್ಟ್ ರಿವಾಲ್ವರಿನ ಈ ತೋಟಾ ನನ್ನ ಲಿವರ್ ರೈಫಲಿಗೂ (ಹಿಡಿಯ ಬಳಿಯ ಸನ್ನೆ ಎಳೆದು ತೋಟಾ ಏರಿಸುವ ಬಂದೂಕು) ಹೊಂದುತ್ತದೆ.

ಮೊದಲು ಖಾಲಿ ಹಿತ್ತಾಳೆ ಕವಚವನ್ನು ಬೆಳಕಿಗೆ ಹಿಡಿದು ತಿರುಗಿಸಿ. ಬಾಯಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಎಸೆಯಿರಿ.

ಮದ್ದಿನ ತೂಕವನ್ನು ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಕನಿಷ್ಠದಿಂದಲೇ ಆರಂಭಿಸಿ. ಕೆಲವು ಕೈಪಿಡಿಗಳಲ್ಲಿ ಎರಡು ಪಟ್ಟಿಗಳಿರುತ್ತವೆ: ಹಳೆಯ ರಿವಾಲ್ವರಿಗೆ ಸೌಮ್ಯ, ಗಟ್ಟಿ ಬಂದೂಕಿಗೆ ಬಿರುಸು. ನನ್ನ ಮನೆಯಲ್ಲಿ ಸೌಮ್ಯದ್ದಷ್ಟೇ. ರೈಫಲಿಗೆಂದು ತುಂಬಿದ್ದು ಕೈತಪ್ಪಿ ರಿವಾಲ್ವರ್ ಸೇರಿದರೆ ತೋಟಾಗಳು ಕೂರುವ ತಿರುಗು ಸಿಲಿಂಡರ್ ಒಡೆಯಬಹುದು, ಬೆರಳು ಹೋಗಬಹುದು.

ಇದು ಕರಿಮದ್ದಿನ ಕಾಲದ ದೊಡ್ಡ ಕವಚ. ಇಂದಿನ ಹೊಗೆರಹಿತ ಮದ್ದು ತಳದಲ್ಲಿ ಸ್ವಲ್ಪವೇ ನಿಲ್ಲುತ್ತದೆ. ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಆದ್ದರಿಂದ ಗುಂಡು ಕೂರಿಸುವ ಮುನ್ನ ಐವತ್ತು ಕವಚಗಳನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರೊಳಗೂ ಇಣುಕುತ್ತೇನೆ. ಆ ಹೊತ್ತಿನಲ್ಲಿ ಯಾರೊಂದಿಗೂ ಮಾತಿಲ್ಲ, ಮೊಬೈಲ್ ಅಡುಗೆಮನೆಯಲ್ಲಿರುತ್ತದೆ.

ಗುಂಡಿನ ಮೂತಿ ಚಪ್ಪಟೆಯಾಗಿರಲಿ. ರೈಫಲಿನ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುತ್ತವೆ. ಚೂಪು ಮೂತಿ ಮುಂದಿನದರ ಪ್ರೈಮರ್‌ಗೆ (ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಕುಟ್ಟಿ ಸಿಡಿಸಬಹುದು. ಕವಚದ ಬಾಯನ್ನು ಗುಂಡಿನ ಸುತ್ತಲಿನ ತೋಡಿನೊಳಕ್ಕೆ ಬಿಗಿಯಾಗಿ ಮಡಿಸಿ. ಕೊನೆಗೆ, ಬಂದೂಕಿನಿಂದ ಬೇರ್ಪಡಿಸಿದ ಸಿಲಿಂಡರಿನಲ್ಲಿ ಪ್ರತಿ ತೋಟಾವನ್ನೂ ಇಳಿಬಿಡಿ. ತನ್ನ ಭಾರಕ್ಕೇ ಅದು ಇಳಿಯಬೇಕು.