ಹೆಪ್ಪು ಯಾವುದು? ಗ್ರುಯೇರ್‌ನ ಚೀಸ್ ದಾರಿಯಲ್ಲಿ ಒಂದು ಸುತ್ತು

ನಮ್ಮದು ಶಿರಸಿ ಕಡೆ ಮನೆ. ಕೊಟ್ಟಿಗೆ ಇದ್ದ ಮನೆ. ಕೆಲಸಕ್ಕೆಂದು ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಬಂದಾಗ ಎಲ್ಲರೂ ಯೂಂಗ್‌ಫ್ರಾವ್ ಶಿಖರ ನೋಡಿ ಬಾ ಅಂದರು. ನಾನು ದನ ನೋಡಲು ಹೋದೆ.

ಜುಲೈ ತಿಂಗಳ ಒಂದು ಶನಿವಾರ. ಬರ್ನ್‌ನಿಂದ ಫ್ರೀಬೂರ್, ಅಲ್ಲಿಂದ ಬ್ಯೂಲ್, ಬ್ಯೂಲ್‌ನಲ್ಲಿ ಮೀಟರ್ ಗೇಜಿನ ಪುಟ್ಟ ರೈಲು ಹತ್ತಿ ಗ್ರುಯೇರ್ ಸ್ಟೇಷನ್. ಕೋಟೆ ಇರುವ ಹಳೆಯ ಊರು ಗುಡ್ಡದ ಮೇಲಿದೆ. ಸ್ಟೇಷನ್ ಇರುವುದು ಕೆಳಗೆ ಪ್ರಾಂಜಿ ಅನ್ನುವ ಹಳ್ಳಿಯಲ್ಲಿ. ರೈಲಿಳಿದರೆ ಎದುರಿಗೇ ದೊಡ್ಡ ಚೀಸ್ ಕಾರ್ಖಾನೆ. ಪ್ರಾಂಜಿಯಿಂದ ಮೇಲಿನ ಮೊಲೆಝೋನ್ ಹಳ್ಳಿಗೆ 'ಚೀಸ್ ದಾರಿ' ಅಂತ ಹೆಸರಿಟ್ಟ ಎರಡು ಕಾಲುದಾರಿಗಳಿವೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೆ ಒಂದು ಸುತ್ತು ಮುಗಿಯುತ್ತದೆ. ಒಂದೊಂದು ಕಡೆಗೆ ಸುಮಾರು ಎರಡು ಗಂಟೆ. ಏರು 350 ಮೀಟರ್ ಆಸುಪಾಸು. ಯಾಣದ ಕಡೆ ನಡೆದು ಅಭ್ಯಾಸ ಇದ್ದವರಿಗೆ ಇದೇನೂ ಅಲ್ಲ. ಮುಖ್ಯವಾಗಿ ಉಂಬಳ ಇಲ್ಲ!

ಕಾರ್ಖಾನೆಯನ್ನು ಮೊದಲು ನೋಡಿಬಿಡುವ ಆಸೆ ಆಗುತ್ತದೆ. ನಾನು ಬೇಡ ಅಂದುಕೊಂಡೆ. ಮೇಲೆ ಮೊಲೆಝೋನ್‌ನ ಹಳೇ ಚೀಸ್ ಮನೆಯಲ್ಲಿ ಬೆಳಿಗ್ಗೆ 10ಕ್ಕೆ ಕಟ್ಟಿಗೆ ಒಲೆಯ ಮೇಲೆ ಚೀಸ್ ಮಾಡಿ ತೋರಿಸುತ್ತಾರೆ. ಅದು ತಪ್ಪಿದರೆ ಹೋದದ್ದೇ ದಂಡ. ಅದಕ್ಕೇ ಏಳೂಮುಕ್ಕಾಲಿಗೆಲ್ಲ ನಡೆಯಲು ಶುರು ಮಾಡಿದೆ.

ಇಲ್ಲಿ ದಾರಿ ತಪ್ಪುವುದು ಕಷ್ಟ. ಪ್ರತಿ ಕವಲಿನಲ್ಲೂ ಹಳದಿ ಬೋರ್ಡು ಇರುತ್ತದೆ. ಅದರ ಮೇಲೆ ಕಿಲೋಮೀಟರ್ ಬರೆದಿರುವುದಿಲ್ಲ, ಎಷ್ಟು ಹೊತ್ತು ನಡೆಯಬೇಕು ಅಂತ ಬರೆದಿರುತ್ತದೆ. ನಮ್ಮೂರಲ್ಲಿ ದಾರಿ ಕೇಳಿದರೆ 'ಒಂದು ಕವಳ ಹಾಕೋ ಹೊತ್ತು' ಅನ್ನುತ್ತಾರಲ್ಲ, ಅದೇ ಲೆಕ್ಕ.

ದನ ಕಾಣುವ ಮೊದಲು ಗಂಟೆ ಕೇಳಿಸಿತು. ಒಂದೆರಡಲ್ಲ, ಇಡೀ ಗುಡ್ಡವೇ ಗಣಗಣ ಅನ್ನುತ್ತಿತ್ತು. ಈ ದಾರಿ ನೇರವಾಗಿ ಹುಲ್ಲುಗಾವಲಿನ ಒಳಗೇ ಹೋಗುತ್ತದೆ. ಬೇಲಿಗೆ ಅಡ್ಡಲಾಗಿ ಒಂದು ತಂತಿ, ಅದಕ್ಕೊಂದು ಪ್ಲಾಸ್ಟಿಕ್ ಹಿಡಿ. ಹಿಡಿ ಹಿಡಿದು ಕೊಕ್ಕೆ ಬಿಡಿಸಿ, ದಾಟಿ, ಮತ್ತೆ ಸಿಕ್ಕಿಸಬೇಕು. ಮೊದಲ ಎರಡು ಬೇಲಿ ಸರಿಯಾಗಿ ದಾಟಿದೆ. ಮೂರನೆಯದರಲ್ಲಿ ಫೋಟೊ ತೆಗೆಯುತ್ತಾ ಮೊಣಕೈ ತಂತಿಗೆ ತಾಗಿಸಿಕೊಂಡೆ. ಕರೆಂಟು ಹೊಡೆದದ್ದಕ್ಕಿಂತ ಪಕ್ಕದಲ್ಲಿದ್ದ ಹಸು ಮೆಲುಕು ಹಾಕುತ್ತಾ ನೋಡಿದ ರೀತಿಗೆ ಜಾಸ್ತಿ ನಾಚಿಕೆಯಾಯಿತು.

ಹಸುಗಳು ಅಂದರೆ ಹೀಗಿರಬೇಕು ಅನ್ನುವ ಹಾಗಿದ್ದವು. ನಮ್ಮ ಮಲೆನಾಡು ಗಿಡ್ಡ ಇವುಗಳ ಹೊಟ್ಟೆಯ ಕೆಳಗೆ ನುಸುಳಿ ಹೋಗಬಹುದು. ಗಿಡ್ಡ ದಿನಕ್ಕೆ ಎರಡು-ಮೂರು ಲೀಟರ್ ಕೊಟ್ಟರೆ ಅಮ್ಮನಿಗೆ ಖುಷಿ. ಇಲ್ಲಿ ಅದನ್ನು ಹೇಳಿಕೊಳ್ಳುವ ಹಾಗಿಲ್ಲ. ಆದರೆ ಒಂದು ಬೇಜಾರಿನ ಸಂಗತಿ ಇದೆ. ಈ ಫ್ರೀಬೂರ್ ಸೀಮೆಗೇ ಸೇರಿದ ಕಪ್ಪು-ಬಿಳಿ ಹಳೇ ತಳಿ ಒಂದಿತ್ತು. 1970ರ ದಶಕದಲ್ಲಿ ಅದರ ಶುದ್ಧ ತಳಿ ಮುಗಿದೇ ಹೋಯಿತು. ಈಗ ಗೋಡೆ ಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಬೇಸಿಗೆಯಲ್ಲಿ ದನ ಬೆಟ್ಟಕ್ಕೆ ಯಾಕೆ ಹೋಗುತ್ತವೆ ಅನ್ನುವುದು ನಡೆಯುತ್ತಾ ತಾನಾಗೇ ತಿಳಿಯಿತು. ಕೆಳಗಿನ ಗದ್ದೆಗಳಲ್ಲಿ ಟ್ರ್ಯಾಕ್ಟರು ಹುಲ್ಲು ಕೊಯ್ದು ಒಣಗಿಸುತ್ತಿತ್ತು. ಅದು ಚಳಿಗಾಲದ ಮೇವು. ಅದನ್ನು ಈಗಲೇ ತಿನ್ನಿಸಿಬಿಟ್ಟರೆ ಹಿಮ ಬಿದ್ದಾಗ ಏನು ಮಾಡುವುದು? ಹಾಗಾಗಿ ಮೇ ತಿಂಗಳಲ್ಲಿ ದನವೆಲ್ಲ ಮೇಲೆ, ಶರತ್ಕಾಲದಲ್ಲಿ ಹೂ ಮುಡಿಸಿಕೊಂಡು ಕೆಳಗೆ. ಮೇಯುವುದು ನಿಂತರೆ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು, ಆಮೇಲೆ ಕಾಡಾಗುತ್ತದೆ. ಅದಕ್ಕೇ ದನ ಮೇಲೆ ಕಳಿಸುವುದಕ್ಕೆ ಸರಕಾರ ದುಡ್ಡು ಕೊಡುತ್ತದೆ. ಒಂದು ಹಸು 100 ದಿನ ಮೇಲಿದ್ದರೆ ಆ ದುಡ್ಡಿಗೆ ಅದು ಒಂದು ಲೆಕ್ಕ. ನಮ್ಮ ಸೊಪ್ಪಿನ ಬೆಟ್ಟ ನೆನಪಾಯಿತು. ತೋಟಕ್ಕೆ ಸೊಪ್ಪು, ದನಕ್ಕೆ ಮೇವು ಎರಡೂ ಅಲ್ಲಿಂದಲೇ ಬರುತ್ತಿತ್ತು. ಅಪ್ಪ ದನ ಬಿಡುವುದು ನಿಲ್ಲಿಸಿದ ಮೇಲೆ ಬೆಟ್ಟದ ದಾರಿಯೂ ಮುಚ್ಚಿತು. ಇಲ್ಲಿ 2023ರಲ್ಲಿ ಈ ಬೇಸಿಗೆ ವಲಸೆಯನ್ನು ಯುನೆಸ್ಕೊ ಪಟ್ಟಿಗೇ ಸೇರಿಸಿದರು.

ಒಂಬತ್ತೂಮುಕ್ಕಾಲಿಗೆ ಮೊಲೆಝೋನ್ ತಲುಪಿದೆ. ಹಳೇ ಚೀಸ್ ಮನೆ 17ನೇ ಶತಮಾನದ್ದು. ಛಾವಣಿಗೆ ಹಂಚಿಲ್ಲ. ಕೈಯಲ್ಲೇ ಸೀಳಿದ ಸ್ಪ್ರೂಸ್ ಮರದ ತೆಳು ಚೂರುಗಳನ್ನು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಹೊದಿಸಿದ್ದಾರೆ. ಇದಕ್ಕೆ ತಾವಿಯೋನ್ ಅನ್ನುತ್ತಾರೆ. ಈ ಕಡೆಯ ಕೊಟ್ಟಿಗೆಗಳ ಬಾಗಿಲ ಮೇಲೆ ದನ ಸಾಲಾಗಿ ಬೆಟ್ಟ ಹತ್ತುವ ಚಿತ್ರ ಇರುತ್ತದೆ. ಅದು ಪೋಯಾ.

ಒಳಗೆ ಹೋದರೆ ಹೊಗೆ ವಾಸನೆ. ನಮ್ಮ ಬಚ್ಚಲ ಒಲೆಯದ್ದೇ. ಕುತ್ತಿಗೆ ಮಟ್ಟದ ತಾಮ್ರದ ಹಂಡೆ ಒಂದು ಮರದ ತೋಳಿಗೆ ನೇತಾಡುತ್ತದೆ. ಬೆಂಕಿ ಜಾಸ್ತಿ ಆದರೆ ಬೆಂಕಿ ಆರಿಸುವುದಿಲ್ಲ, ತೋಳು ತಿರುಗಿಸಿ ಹಂಡೆಯನ್ನೇ ಪಕ್ಕಕ್ಕೆ ಸರಿಸುತ್ತಾರೆ. ಎಂಥ ಸರಳ ಉಪಾಯ, ಅಲ್ವಾ? ಹಾಲು ಮೈ ಬೆಚ್ಚಗಾದಷ್ಟು ಕಾದಾಗ, ಅಂದರೆ 32 ಡಿಗ್ರಿ ಹತ್ತಿರ, ಹೆಪ್ಪು ಹಾಕಿದರು. ಅದರಲ್ಲಿ ಎರಡು ಬಗೆ. ಒಂದು ಹಾಲಿನ ತಿಳಿನೀರಿನಲ್ಲೇ ಬೆಳೆಸಿದ ಹೆಪ್ಪು. ನಿನ್ನೆಯ ಮೊಸರಿನಿಂದ ಇವತ್ತಿನದಕ್ಕೆ ಹಾಕುವ ನಮ್ಮ ಕ್ರಮದ ಅಣ್ಣನೋ ತಮ್ಮನೋ ಅನ್ನಿ. ಎರಡನೆಯದು ಬೇರೆ ಸಣ್ಣ ಬಾಟಲಿಯಿಂದ ಬಂತು. ಏನದು ಅಂತ ಕೇಳಿದೆ. ಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ ತೆಗೆದ ಸತ್ವ ಅಂದರು, ಉಪ್ಪು ಅನ್ನುವಷ್ಟು ಸಲೀಸಾಗಿ.

ನನಗೆ ಗೊತ್ತೇ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಎಲ್ಲೋ ಓದಿದ್ದೆ. ಆದರೆ ಬರ್ನ್‌ನಲ್ಲಿ ಎರಡು ವರ್ಷ ಪ್ಯಾಕೆಟ್ ತೆಗೆದು ತಿನ್ನುವಾಗ ಅದು ಬರೀ ಅಕ್ಷರವಾಗಿತ್ತು. ಈಗ ಬಾಟಲಿ ಕಣ್ಣೆದುರಿಗಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಚೀಸ್‌ಗೆ 'ಗಿಣ್ಣು' ಅಂತ ಬರೆದಿರುತ್ತಿತ್ತು. ಗಿಣ್ಣು ಅಂದರೆ ಕರು ಹುಟ್ಟಿದಾಗ ಮಾಡುವುದು. ಆ ಅನುವಾದ ಮಾಡಿದವರಿಗೆ ಈ ಬಾಟಲಿ ತೋರಿಸಬೇಕಿತ್ತು.

ಮುಂದಿನದು ಮಾತ್ರ ಕಣ್ಣು ಕೀಳದೆ ನೋಡಿದೆ. ಮುಕ್ಕಾಲು ಗಂಟೆಯೊಳಗೆ ಹಾಲು ಗಟ್ಟಿಯಾಯಿತು. ತಂತಿ ಕಟ್ಟಿದ ಚೌಕಟ್ಟಿನಿಂದ ಅದನ್ನು ಕತ್ತರಿಸುತ್ತಾ ಹೋದರು, ಗೋಧಿ ಕಾಳಿನಷ್ಟು ಆಗುವ ತನಕ. ಮತ್ತೆ ಬೆಂಕಿ. ಮಾಡುವವರು ಥರ್ಮಾಮೀಟರ್ ಇದ್ದರೂ ಕೈ ಅದ್ದಿ, ಒಂದು ಮುಷ್ಟಿ ಹಿಂಡಿ, ಬೆರಳಲ್ಲಿ ಉದುರಿಸಿ ನೋಡುತ್ತಿದ್ದರು. ಬೆಲ್ಲದ ಪಾಕ ನೋಡುವ ನಮ್ಮ ಅಜ್ಜ ಥೇಟ್ ಹೀಗೇ. ಕೊನೆಗೆ ಬಟ್ಟೆ ಹಾಕಿ ಎಲ್ಲವನ್ನೂ ಒಮ್ಮೆಲೇ ಎತ್ತಿದರು.

ರುಚಿ ನೋಡಲಿಲ್ಲ. ಬದಲಿಗೆ ಡಬಲ್ ಕ್ರೀಮ್ ತಗೊಂಡೆ. ಹಾಲಿನಿಂದ ತೆಗೆದ ಕೆನೆ ಅಷ್ಟೇ, ಅದಕ್ಕೆ ಹೆಪ್ಪು ಬೇಕಿಲ್ಲ. ಕೊಬ್ಬು ಕಡಿಮೆ ಅಂದರೂ 45%. ಮರದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ಜೊತೆಗೆ ಬರುವ ಮೆರಾಂಗ್ ಅನ್ನುವ ಸಿಹಿಯಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಮೊದಲೇ ಹೇಳಿ ಹಣ್ಣು ಕೇಳಿ. ಚಮಚ ನೆಟ್ಟರೆ ನಿಲ್ಲುವಷ್ಟು ದಪ್ಪ. ಊರಿನ ಕೆನೆಯ ರುಚಿಗೆ ಇದಕ್ಕಿಂತ ಹತ್ತಿರದ್ದು ನನಗೆ ಈ ದೇಶದಲ್ಲಿ ಸಿಕ್ಕಿಲ್ಲ.

ಇಳಿಯುವ ದಾರಿಯಲ್ಲಿ ಕಾಡು ಜಾಸ್ತಿ, ನೆರಳು. ಬೇಗ ಬೇಗ ಇಳಿದೆ, ಯಾಕೆಂದರೆ ಕಾರ್ಖಾನೆಯಲ್ಲೂ ಚೀಸ್ ಮಾಡುವುದನ್ನು ನೋಡುವುದಿತ್ತು. ಆದರೆ ಅಷ್ಟರಲ್ಲಿ ಹಂಡೆ ತೊಳೆಯುತ್ತಿದ್ದರು. ಒಂದೇ ದಿನದಲ್ಲಿ ಎರಡೂ ಬೇಕಾದರೆ ಮೇಲೆ ಕೆನೆ ತಿನ್ನುತ್ತಾ ಕೂರಬಾರದು. ನಾಲ್ಕು ಹಂಡೆ, ಒಂದೊಂದರಲ್ಲಿ 4,800 ಲೀಟರ್. 400 ಲೀಟರ್ ಹಾಲಿಗೆ 35 ಕಿಲೋ ತೂಕದ ಒಂದು ಚಕ್ರ. ನೆಲಮಾಳಿಗೆಯಲ್ಲಿ ಇಂಥ 7,000 ಚಕ್ರ ಇಡುವಷ್ಟು ಜಾಗ. ಅವನ್ನು ತಿರುಗಿಸಿ, ಉಪ್ಪುನೀರಲ್ಲಿ ಉಜ್ಜುವುದು ರೋಬಾಟ್. ಸೆರೀಸ್ ಅನ್ನುವ ಹಸುವಿನ ದನಿಯಲ್ಲಿ ಆಡಿಯೊ ಗೈಡ್ ಕಥೆ ಹೇಳುತ್ತದೆ. ಮಕ್ಕಳಿಗೆ ಚೆನ್ನಾಗಿದೆ, ನನಗೆ ಮೇಲಿನ ಹೊಗೆಯೇ ಸಾಕಾಗಿತ್ತು. ಟಿಕೆಟ್ ಜೊತೆ 6, 8, 10 ತಿಂಗಳು ಹಣ್ಣಾದ ಮೂರು ತುಂಡು ಕೊಟ್ಟರು. ಜೇಬಿಗೆ ಹಾಕಿಕೊಂಡೆ.

ರೈಲಿನಲ್ಲಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಾಟಲಿ ವಿಷಯವನ್ನೂ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

"ಹಾಲು ಕರೆಯೋ ಮೊದಲು ಕರು ಬಿಡ್ತಾರಾ?"

ಬೆಳಿಗ್ಗೆಯಿಂದ ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಅಷ್ಟು ಗಂಟೆಯ ಸದ್ದು, ಅಷ್ಟು ಹಸು. ಆ ಹುಲ್ಲುಗಾವಲುಗಳಲ್ಲಿ ತಾಯಿಯ ಜೊತೆ ಒಂದು ಕರುವನ್ನೂ ನಾನು ನೋಡಿರಲಿಲ್ಲ.